ರಾಣಿ ಯಾವ ಮನೆಗೆ

ಮಂಗಳವಾರ, ಮೇ ೧೪

ಪ್ರೀತಿಯ ಚದುರಂಗದ ಮೇಷ್ಟ್ರೇ,

ಎರಡು ವರ್ಷ ಸುದ್ದಿಯೇ ಇಲ್ಲದೆ ಇದ್ದು, ಈಗ ಕಾರ್ಡಿನಲ್ಲಿ ‘ನನ್ನ ಕುದುರೆ ಹೊರಗೆ ಬಂತು, ನಿನ್ನ ರಾಣಿ ಎಲ್ಲಿಗೆ ಓಡ್ತಾಳೆ?’ ಎಂದು ಒಂದೇ ಸಾಲು ಬರೆದರೆ ಯಾವ ಹೆಂಡತಿ ತಾನೇ ನಗುವುದಿಲ್ಲ? ನಕ್ಕೆ. ಆಮೇಲೆ ಸ್ವಲ್ಪ ಅತ್ತೆ. ಅದು ಬೇಡ ಬಿಡಿ.

ಆ ಆಟ ನನಗೂ ನೆನಪಿದೆ. ಎರಡನೆಯ ನಡೆಯಲ್ಲೇ ನನ್ನ ಕಪ್ಪು ರಾಣಿ ನಿಮ್ಮ ಕಾಲಾಳನ್ನು ಹೊಡೆದು ನಡುಬಯಲಿಗೆ ಬಂದು ನಿಂತಿದ್ದಳು. ಅಷ್ಟರಲ್ಲಿ ಜಗಳ ಎದ್ದು, ನೀವು ಬೇರೆ ಊರಿನ ಆಸ್ಪತ್ರೆಯ ಕೆಲಸಕ್ಕೆ ಹೊರಟುಹೋದಿರಿ.

ಈಗ ಹಲಗೆಯನ್ನು ಕಿವಿ ಪರೀಕ್ಷೆಯ ಯಂತ್ರದ ಪಕ್ಕದಲ್ಲೇ ಇಟ್ಟುಕೊಂಡಿದ್ದೇನೆ. ರೋಗಿಗಳಿಲ್ಲದಾಗ ನೀವು ಸದ್ದು ನುಸುಳದ ಗಾಜಿನ ಕೋಣೆಯೊಳಗೆ, ನಾನು ಹೊರಗೆ ಕೂತು ಮೈಕಿನಲ್ಲಿ ನಡೆ ಹೇಳುತ್ತಿದ್ದೆವಲ್ಲ. ರಾಣಿ ಬಲದಂಚಿಗೆ ಹೋದರೆ ನಿಮ್ಮ ಕುದುರೆಯ ಮೇಲೆ ಕಣ್ಣಿಡಬಹುದು, ಆದರೆ ಕಾಲಾಳು ಅಟ್ಟಿಸಿಕೊಂಡು ಬಂದರೆ ಜಾಗ ಕಡಿಮೆ. ಒಂದು ಮನೆ ಹಿಂದೆ ಸರಿದು ನಿಂತರೆ ಕುದುರೆ ಮತ್ತೆ ನೆಗೆದು ಕೆಣಕುತ್ತದೆ. ಹೊರಟ ಮನೆಗೇ ಮರಳಿದರೆ ಕ್ಷೇಮ; ಆದರೆ ಹೋಗಿದ್ದಾದರೂ ಯಾಕೆ ಅನ್ನಿಸುತ್ತದೆ.

ನಿನ್ನೆ ಬೆಳಿಗ್ಗೆ, ಗಿರಣಿಯ ಮಗ್ಗದ ಸದ್ದಿಗೆ ಕಿವಿ ಕಳೆದುಕೊಂಡ ವಯಸ್ಸಾದ ಹೆಂಗಸೊಬ್ಬರು ಬಂದಿದ್ದರು. ಪಕ್ಕದಲ್ಲಿ ಕಿರುಚಿದರೂ ಕೇಳದು. ಒಳಗೆ ಕೂರಿಸಿ, ಹೆಡ್‌ಫೋನ್ ಹಾಕಿ, ಸದ್ದು ಕೇಳಿದಾಗ ಗುಂಡಿ ಒತ್ತಿ ಎಂದು ಸನ್ನೆ ಮಾಡಿ ಬಂದೆ. ಇನ್ನೂ ಒಂದು ಸದ್ದನ್ನೂ ಕಳಿಸಿರಲಿಲ್ಲ. ಹಲಗೆ ನೋಡುತ್ತ ರಾಣಿಯನ್ನು ಅಂಚಿನತ್ತ ಎತ್ತಿದೆ. ಅವರು ಒಳಗೆ ಗುಂಡಿ ಒತ್ತಿದರು, ನನ್ನ ಯಂತ್ರದ ದೀಪ ಹತ್ತಿತು. ಕೆಳಗಿಟ್ಟೆ, ಆರಿತು. ಮತ್ತೆ ಎತ್ತಿದೆ, ಮತ್ತೆ ಹತ್ತಿತು.

ಹೊರಗೆ ಬಂದಾಗ ಅವರ ಕಣ್ಣಲ್ಲಿ ನೀರು. “ಎಷ್ಟು ವರ್ಷ ಆಗಿತ್ತಮ್ಮ ಮನುಷ್ಯರ ದನಿ ಕೇಳಿ! ಯಾರೋ ಗಂಡಸು. ಅಂಚಿಗೆ ಹೋಗ್ಬೇಡ ಗುಬ್ಬಿ, ಸಿಕ್ಕಿಹಾಕ್ಕೋತೀಯ ಅಂತ ಮತ್ತೆ ಮತ್ತೆ ಹೇಳ್ತಿದ್ರು. ಗುಬ್ಬಿ ಅಂದ್ರೆ ಯಾರು?”

ಹಾಗೆ ನನ್ನನ್ನು ಕರೆಯುವವರು ನೀವೊಬ್ಬರೇ.

ರಿಪೇರಿಯವನನ್ನು ಕರೆಸಿ ವೈರನ್ನೆಲ್ಲ ಬಿಚ್ಚಿಸಿದೆ. “ಎಲ್ಲಾ ಸರಿ ಇದೆ ಮೇಡಂ, ಯಾವುದೋ ರೇಡಿಯೋ ಹಿಡಿದಿರ್ಬೇಕು” ಅಂದ. ರೇಡಿಯೋ ಗುಬ್ಬಿ ಅನ್ನುತ್ತದೆಯೇ? ಅವನು ಊಟಕ್ಕೆ ಹೋದಾಗ, ವೈರು ನೆಲದ ಮೇಲೆ ಬಿದ್ದಿರುವಾಗಲೇ, ನಾನೇ ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ. ಮೊದಲು ನನ್ನ ಎದೆಬಡಿತವಷ್ಟೇ. ಆಮೇಲೆ ಲೊಚ್ ಎಂದು ನಾಲಿಗೆ ಹೊಡೆದ ಸದ್ದು, ನನ್ನ ಪೆದ್ದು ನಡೆ ನೋಡಿ ನೀವು ಮಾಡುತ್ತಿದ್ದ ಹಾಗೇ. ಬಾಗಿಲ ಹಿಡಿಯತ್ತ ಕೈ ಚಾಚಿದೆ. ಆದರೂ ಏಳಲಿಲ್ಲ. ಆಯಾ ಬಂದು ಗಾಜು ತಟ್ಟುವವರೆಗೂ ಕೂತಿದ್ದೆ. ನೀವು ಏನೇನು ಹೇಳಿದಿರಿ ಎಂದು ಇಲ್ಲಿ ಬರೆಯುವುದಿಲ್ಲ; ಹೇಳಿದ್ದು ನಿಮಗೇ ಗೊತ್ತಿಲ್ಲದಿದ್ದರೆ ನನಗೆ ನಾಚಿಕೆ.

ನಿನ್ನೆ ಸಂಜೆಯಿಂದ ಫೋನ್ ಮಾಡುತ್ತಲೇ ಇದ್ದೇನೆ. ರಿಂಗಾಗಿ ರಿಂಗಾಗಿ ನಿಲ್ಲುತ್ತದೆ. ಯಾಕೆ ತೆಗೆಯುತ್ತಿಲ್ಲ? ಹುಷಾರಾಗಿದ್ದೀರಿ ತಾನೇ?

ನನ್ನ ನಡೆ ಇದು: ನಿಮ್ಮ ಮಾತು ಕೇಳಿದೆ, ಆದರೆ ಪಾಲಿಸಲಿಲ್ಲ. ರಾಣಿ ಅಂಚಿಗೇ.

ಇಂತಿ ನಿಮ್ಮ ಮಾತು ಕೇಳದ
ಗುಬ್ಬಿ

ತಾ.ಕ.: ಲಕೋಟೆ ಅಂಟಿಸುವ ಹೊತ್ತಿಗೆ ನಿಮ್ಮ ತಂಗಿಯ ಫೋನು. ನೀವು ಹೇಳಬೇಡ ಅಂದಿದ್ದಿರಂತೆ. “ಅತ್ತಿಗೆ, ಹೋದ ತಿಂಗಳು ಗಂಟಲಿನ ಗಡ್ಡೆ ತೆಗೆದ್ರು. ಜೀವಕ್ಕೇನೂ ಭಯ ಇಲ್ಲ. ಆದ್ರೆ ಅಣ್ಣನ ದನಿ ಹೋಯ್ತು, ಇನ್ನು ಬರಲ್ಲ” ಎಂದು ಅತ್ತಳು. ಅದು ಎಲ್ಲೂ ಹೋಗಿಲ್ಲ ಕಣೇ ಎಂಬ ಮಾತು ತುಟಿಗೆ ಬಂದಿತ್ತು, ನುಂಗಿಕೊಂಡೆ. ಬಟ್ಟೆ ತುಂಬಿದ ಚೀಲ ಬಾಗಿಲಲ್ಲಿದೆ. ನಿಮ್ಮ ಹತ್ತಿರ ಬರಬೇಕು. ಆದರೆ ನಿಮ್ಮ ದನಿಯನ್ನು ಆ ಗಾಜಿನ ಕೋಣೆಯಲ್ಲಿ ಒಂಟಿಯಾಗಿ ಬಿಟ್ಟು ಹೇಗೆ ಹೊರಡಲಿ, ನೀವೇ ಹೇಳಿ.