ಲೂರ್ದಿಸ್ ಆಂಟಿಯ ಮಗ್ಗಿ

ಮಾರ್ಚ್ 9, 2023, ಕಮ್ಮಿಂಗ್

ಆ ಒಂದು ಪದ ಇನ್ನೂ ಕಿವಿಯಲ್ಲೇ ಇದೆ.

ಪಕ್ಕದ ಮನೆಯ ಬ್ರೆಜಿಲ್‌ನ ಲೂರ್ದಿಸ್ ಆಂಟಿಗೆ ಸ್ಟ್ರೋಕ್ ಆಗಿ, ಮಾತು ನಿಂತು ಐದು ತಿಂಗಳು. ಅವರ ಮಗಳಿಂದ ‘ಫಿಕಾರ್’ ಎಂಬ ಪೋರ್ಚುಗೀಸ್ ಕ್ರಿಯಾಪದ ಕಲಿತಿದ್ದೆ. ಉಳಿಯುವುದು ಎಂದರ್ಥ. ನೆಟ್ಟು ನಿಲ್ಲಿಸುವುದು ಎನ್ನುವ ಅರ್ಥದ ಲ್ಯಾಟಿನ್ ಪದದಿಂದ ಹುಟ್ಟಿದ್ದಂತೆ.

ಇವತ್ತು ಆಂಟಿಯ ಮುಂದೆ ಕೂತು, ಮೈಸೂರಿನ ಶಾಲೆಯಲ್ಲಿ ಮಗ್ಗಿ ಹೇಳುತ್ತಿದ್ದ ರಾಗದಲ್ಲೇ ಅದರ ರೂಪಗಳನ್ನು ಹೇಳತೊಡಗಿದೆ.

“ಆಂಟಿ ಕೈಲೂ ಮಗ್ಗಿ ಹೇಳಿಸ್ತಿದ್ದೀಯಾ, ವಜೀಹಾ?” ನನ್ನವರು ನಕ್ಕರು.

ಫೀಕು, ನಾನು ಉಳಿಯುತ್ತೇನೆ. ಫೀಕಾ, ಅವಳು ಉಳಿಯುತ್ತಾಳೆ. ಮೂರನೆಯದು ಮರೆತೇ ಹೋಯಿತು. ರಾಗ ಅರ್ಧಕ್ಕೆ ನಿಂತಿತು.

“ಫಿಕಾಮುಸ್” ಎಂದರು ಆಂಟಿ, ದಡ್ಡ ಹುಡುಗಿಯನ್ನು ಟೀಚರ್ ತಿದ್ದುವ ಹಾಗೆ.

ನಾವು ಉಳಿಯುತ್ತೇವೆ.



ನಾಲ್ಕನೆಯದು ನನಗೆ ಚೆನ್ನಾಗಿ ಗೊತ್ತು. ನಾಳೆ ಅದನ್ನು ಬೇಕೆಂದೇ ಮರೆಯಬೇಕು.