ಒಂದೇ ಅಳತೆಯ ನಾಲ್ಕು ಫ್ರಾಕು

ಮಕ್ಕಳ ರಕ್ಷಣೆಗೆಂದೇ ಕುರ್ಚಿ ಹಾಕಿಸಿಕೊಂಡು ಕುಳಿತಿರುವ ಮಾನ್ಯ ಅಧಿಕಾರಿಗಳೇ,

ಒಂಬತ್ತು ವರ್ಷದ ಹುಡುಗಿಯೊಬ್ಬಳನ್ನು ಅವಳಪ್ಪ ಕ್ಯಾಮೆರಾ ಮುಂದೆ ನಿಲ್ಲಿಸಿ ಹೊಡೆಯುತ್ತಾನೆ ಎಂದು ನಾನು ನಿಮ್ಮ ಕಚೇರಿಗೆ ಬಂದು ತಿಳಿಸಿದೆ. ನೀವು ಅದನ್ನು ಅವಳಪ್ಪನಿಗೇ ತಿಳಿಸಿದಿರಿ, ನನ್ನ ಹೆಸರು ಮತ್ತು ಅಂಗಡಿಯ ವಿಳಾಸದ ಸಮೇತ. ಮರುದಿನ ಅವನು ಬಂದು ನನ್ನ ಬಲಗೈಯ ಎರಡು ಬೆರಳು ಮುರಿದ. ಇದನ್ನು ಎಡಗೈಯಲ್ಲಿ ಬರೆದು ಪತ್ರಿಕೆಗೆ ಕಳಿಸಿದ್ದೇನೆ. ಅಕ್ಷರ ದುಂಡಗೆ ಕಾಣುತ್ತಿದ್ದರೆ ಅದು ಅಚ್ಚು ಹಾಕಿದ ಪತ್ರಿಕೆಯವರ ಉಪಕಾರ.

ನಾನು ದರ್ಜಿ. ಬೇಕರಿಯ ಮಗ್ಗುಲಲ್ಲಿ ಹತ್ತಡಿಯ ಅಂಗಡಿ. ನಾನು ಹೊಲಿಯುತ್ತೇನೆ, ನಮ್ಮತ್ತೆ ಬಾಗಿಲ ಬಳಿ ಕುಳಿತು ಗುಂಡಿಗಳಿಗೆ ಕಾಜಾ ಮಾಡುತ್ತಾರೆ, ಬಂದವರಿಗೆಲ್ಲ ಬುದ್ಧಿ ಹೇಳುತ್ತಾರೆ. ಒಂದು ಸೋಮವಾರ ಬೆಳಿಗ್ಗೆ ಆ ಮನುಷ್ಯ ಮಗಳ ಕೈ ಹಿಡಿದುಕೊಂಡು ಬಂದ. ಒಂದೇ ಹಳದಿ ಬಟ್ಟೆಯಲ್ಲಿ, ಒಂದೇ ಅಳತೆಗೆ ನಾಲ್ಕು ಫ್ರಾಕು ಬೇಕೆಂದ. "ನಾಲ್ಕು ಮಕ್ಕಳು ಒಟ್ಟಿಗೇ ಹುಟ್ಟಿದ್ವೇನಪ್ಪಾ?" ಎಂದು ಅತ್ತೆ ಕೇಳಿದರು. ಅವನು ನಕ್ಕ, ನಾನೂ ನಕ್ಕೆ. ಮಕ್ಕಳ ಬಟ್ಟೆ ಹೊಲಿಯುವವರು ಅಂಚಿನಲ್ಲಿ ಎರಡಿಂಚು ಬಟ್ಟೆ ಒಳಗೆ ಮಡಚಿ ಬಿಡುತ್ತೇವೆ, ಮಗು ಬೆಳೆದ ಮೇಲೆ ಬಿಚ್ಚಿ ಉದ್ದ ಮಾಡಿಕೊಳ್ಳಲಿ ಎಂದು. "ಒಳಗೆ ಬಟ್ಟೆ ಬಿಡ್ಬೇಡಿ ಮೇಡಂ, ಅವಳು ಬೆಳೆಯೋ ತನಕ ಇವು ಉಳಿಯಲ್ಲ," ಎಂದ ಅವನು. ಟೇಪು ಹಿಡಿದು ನಾನು ಹತ್ತಿರ ಹೋದಾಗ ಹುಡುಗಿ ಎರಡೂ ಕೈ ಮುಖಕ್ಕೆ ಅಡ್ಡ ಹಿಡಿದಳು. ಟೇಪು ಕಂಡರೆ ಮಕ್ಕಳು ಕಚಗುಳಿಯಾಗಿ ನುಲಿಯುತ್ತವೆ; ಇವಳು ಪೆಟ್ಟು ತಡೆಯಲು ನಿಂತಿದ್ದಳು. ಅದನ್ನು ನೋಡಿಯೂ ನಾನು "ಎದೆ ಇಪ್ಪತ್ತಾರು, ಭುಜ ಎರಡೂ ಸಮ" ಎಂದು ಅಳತೆ ಪುಸ್ತಕದಲ್ಲಿ ಬರೆದುಕೊಂಡೆ.

ಹತ್ತು ದಿನಕ್ಕೆ ಮೂರು ಫ್ರಾಕು ರಿಪೇರಿಗೆ ವಾಪಸು ಬಂದವು. ಒಂದರ ತೋಳು ಕಿತ್ತಿತ್ತು, ಒಂದರ ಬೆನ್ನು ಹರಿದಿತ್ತು, ಮೂರನೆಯದರ ಕಾಲರಿನಿಂದ ಎದೆಯವರೆಗೆ ರಕ್ತ ಒಣಗಿತ್ತು. "ಉಷ್ಣಕ್ಕೆ ಮೂಗಲ್ಲಿ ರಕ್ತ ಬರುತ್ತೆ ಅವಳಿಗೆ," ಎಂದ ಅಪ್ಪ. ಈಗ ನನ್ನ ತಪ್ಪು ಹೇಳುತ್ತೇನೆ. ಕೊಳೆ ಬಟ್ಟೆಯನ್ನು ಗಿರಾಕಿಯ ಕೈಗೆ ಕೊಡಬಾರದು ಎಂಬುದು ನನಗೆ ಕೆಲಸ ಕಲಿಸಿದವರು ಹೇಳಿಕೊಟ್ಟ ಮೊದಲ ಪಾಠ. ತಣ್ಣೀರಲ್ಲಿ ಉಪ್ಪು ಹಾಕಿ ನೆನೆಸಿ, ಸೋಪು ತಿಕ್ಕಿ, ಕಲೆಯ ಸುಳಿವೂ ಉಳಿಯದಂತೆ ಒಗೆದೆ. ಹರಿದದ್ದನ್ನು ಹೊಲಿದು, ಇಸ್ತ್ರಿ ಮಾಡಿ ಕೊಟ್ಟೆ. ಅವನು ಮೆಚ್ಚಿಕೊಂಡ. ನನಗೆ ಹೆಮ್ಮೆಯೂ ಆಯಿತು, ಅದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ.

ಆ ವಾರವೇ ಬೇಕರಿಯಾಕೆ ಫೋನು ಹಿಡಿದು ಓಡಿ ಬಂದಳು. "ಅಕ್ಕಾ, ನಿನ್ನ ಹಳದಿ ಫ್ರಾಕು ಫೇಮಸ್ ಆಗೋಗಿದೆ, ನೋಡು." ಅಪ್ಪ-ಮಗಳ ತಮಾಷೆ ಎಂದು ಮೇಲೆ ಬರೆದಿತ್ತು. ನೆಲಕ್ಕೆ ಎಣ್ಣೆ ಸುರಿದಿದ್ದಾರೆ. ಮಗು ನೀರಿನ ಲೋಟ ಹಿಡಿದು ಬರುತ್ತದೆ, ಜಾರುತ್ತದೆ, ಮುಖ ಮೇಜಿನ ಅಂಚಿಗೆ ಬಡಿಯುತ್ತದೆ. ಅಪ್ಪ ಜುಟ್ಟು ಹಿಡಿದು ಎತ್ತಿ ಕಪಾಳಕ್ಕೆ ಬಿಗಿಯುತ್ತಾನೆ. ಹಿಂದೆ ಯಾರೋ ನಗುವ ಸದ್ದು ಸೇರಿಸಿದ್ದಾರೆ. ಎರಡು ಲಕ್ಷ ಜನ ನೋಡಿದ್ದರು. ನಾಲ್ಕು ಫ್ರಾಕು ಯಾಕೆಂದು ನನಗೆ ಆಗ ಅರ್ಥವಾಯಿತು. ಪೆಟ್ಟು ಸರಿಯಾಗಿ ಬೀಳದಿದ್ದರೆ, ಮಗು ಬೇಗ ಅತ್ತುಬಿಟ್ಟರೆ, ಒಣಗಿದ್ದೊಂದನ್ನು ಹಾಕಿಸಿ ಮತ್ತೊಮ್ಮೆ ಬೀಳಿಸುತ್ತಾರೆ. ನಾನು ಅಳತೆ ಪುಸ್ತಕ ತೆಗೆದು ಅವಳ ಪುಟ ಹುಡುಕಿದೆ. ಅಷ್ಟರಲ್ಲಿ ಬೇಕರಿಯಾಕೆ "ಎಂಥಾ ಕಟುಕ ನೋಡಿ" ಎಂದು ಅದನ್ನು ನಲವತ್ತು ಜನಕ್ಕೆ ಕಳಿಸಿದ್ದಳು. ಬೈಯಲೆಂದು ನೋಡಿದವರನ್ನೂ ಅವನು ತನ್ನ ಲೆಕ್ಕಕ್ಕೇ ಸೇರಿಸಿಕೊಂಡ. ಯಾರಿಗೂ ಹಂಚದೆ, ವಿಡಿಯೊದ ವಿಳಾಸ, ತಾರೀಖು ಬರೆದಿಟ್ಟುಕೊಂಡು ನೇರವಾಗಿ ದೂರು ಕೊಡಬೇಕು ಎಂದು ನಮಗೆ ಯಾರು ಹೇಳಿಕೊಟ್ಟಿದ್ದರು? ನಿಮ್ಮ ಕಚೇರಿಯ ಗೋಡೆಯಲ್ಲಿ ನಗುವ ಮಕ್ಕಳ ಚಿತ್ರವಿದೆ, ಆ ಒಂದು ಸಾಲು ಇಲ್ಲ.

"ಊರ ಉಸಾಬರಿ ನಮಗ್ಯಾಕಮ್ಮಾ," ಎಂದು ಅತ್ತೆ ತಡೆದರು. ಆದರೂ ಬಂದೆ. ನಿಮ್ಮ ಗುಮಾಸ್ತರು ನಮೂನೆ ಮುಂದಿಟ್ಟುಕೊಂಡು ಕೇಳಿದರು.

"ಮಗುಗೆ ನೀವು ಏನಾಗ್ಬೇಕು?"

"ದರ್ಜಿ."

"ಸಂಬಂಧ ಅನ್ನೋ ಕಡೆ ದರ್ಜಿ ಅಂತ ಬರೆಯೋಕಾಗಲ್ಲಮ್ಮ. ಹೊಡೆದಿದ್ದನ್ನ ಕಣ್ಣಾರೆ ನೋಡಿದೀರಾ?"

"ಎರಡು ಲಕ್ಷ ಜನ ನೋಡಿದಾರೆ."

"ಮತ್ತೆ ನೀವೊಬ್ರೇ ಯಾಕೆ ಬಂದ್ರಿ? ಹೋಗ್ಲಿ, ಆ ರಕ್ತದ ಬಟ್ಟೆ ತೋರ್ಸಿ."

"ಒಗೆದುಬಿಟ್ಟೆ ಸಾರ್."

ಅವರು ಪೆನ್ನು ಕೆಳಗಿಟ್ಟರು. ಆಗ ತಾವು ಒಳಗಿನ ಕೋಣೆಯಿಂದ ಬಂದು, "ಎರಡೂ ಕಡೆ ಕೇಳೋದು ನ್ಯಾಯ," ಎಂದು ನನ್ನೆದುರೇ ಅವನಿಗೆ ಫೋನು ಮಾಡಿದಿರಿ. ಎಂಥ ನ್ಯಾಯನಿಷ್ಠೆ ತಮ್ಮದು. ಮನೆಗೆ ಬೆಂಕಿ ಬಿದ್ದಿದೆ ಎಂದು ಕೂಗಿದವರಿಗೆ ಕಡ್ಡಿಪೆಟ್ಟಿಗೆ ತಂದು ತೋರಿಸಿ ಎನ್ನುತ್ತೀರಾ? ಅನುಮಾನ ಬಂದರೆ ಹೇಳುವುದು ನನ್ನ ಕೆಲಸ, ನಿಜವೋ ಸುಳ್ಳೋ ನೋಡುವುದು ತಮ್ಮದು. ಎರಡೂ ಕಡೆ ಕೇಳಬೇಕೆಂದಿದ್ದರೆ ಒಂದು ಕಡೆ ಆ ಹುಡುಗಿ ಇದ್ದಳು, ಅವಳನ್ನು ಯಾರು ಕೇಳಿದರು?

ಮರುದಿನ ಮಧ್ಯಾಹ್ನ ಅವನು ಬಂದು ಅಂಗಡಿಯ ಶಟರನ್ನು ಅರ್ಧಕ್ಕೆ ಎಳೆದ. ಹೊಲಿಗೆ ಯಂತ್ರವನ್ನು ಎತ್ತಿ ನೆಲಕ್ಕೆ ಕುಕ್ಕಿದ. ನನ್ನ ಬಲಗೈಯನ್ನು ಬಟ್ಟೆ ಕತ್ತರಿಸುವ ಹಲಗೆಯ ಮೇಲೆ ಅದುಮಿ ಹಿಡಿದು, ಬಿಸಿಯಿದ್ದ ಇಸ್ತ್ರಿಪೆಟ್ಟಿಗೆಯನ್ನೇ ಎತ್ತಿ ಅದರ ಮೇಲೆ ಹಾಕಿದ. ಮೂಳೆ ಮುರಿದ ಸದ್ದು ಮೊದಲು ಕೇಳಿತು, ಚರ್ಮ ಸುಟ್ಟ ವಾಸನೆ ಆಮೇಲೆ ಬಂತು. ಎದುರಿಗೆ ಕ್ಯಾಮೆರಾ ಇರಲಿಲ್ಲವಾದ್ದರಿಂದ ಒಂದೇ ಸಲಕ್ಕೆ ಮುಗಿಸಿದ. ಕತ್ತರಿ ಎಡಗೈಗೆ ಸಿಗುವಂತಿತ್ತು. ಅವನ ಹೊಟ್ಟೆಗೆ ಹಾಕಬೇಕೆಂದು ಕೈ ಚಾಚಿದ್ದೆ, ಸುಳ್ಳೇಕೆ ಹೇಳಲಿ. ಅಷ್ಟರಲ್ಲಿ ಉಸಾಬರಿ ಬೇಡವೆಂದಿದ್ದ ನಮ್ಮತ್ತೆ ಕಬ್ಬಿಣದ ಅಳತೆಕೋಲನ್ನು ಎರಡೂ ಕೈಯಲ್ಲಿ ಹಿಡಿದು ಬಂದು ಅವನ ಕಿವಿಯ ಮೇಲೆ ಬಾರಿಸಿದರು. ಕಿವಿ ಹರಿದು ಜೋತುಬಿತ್ತು. "ಇದನ್ನೂ ಹಾಕ್ಕೋ ನಿನ್ನ ಫೋನಲ್ಲಿ, ಜನ ನಗ್ಲಿ," ಎಂದು ಇನ್ನೆರಡು ಕೊಟ್ಟರು. ಅವನು ಕಿವಿ ಹಿಡಿದುಕೊಂಡು ಓಡಿದ.

ನನ್ನ ಬೆರಳಿಗೆ ಎಕ್ಸ್-ರೇ ಇದ್ದುದರಿಂದ ಪೊಲೀಸರು ಕೇಸು ಬರೆದುಕೊಂಡರು. ಅವನಿಗೆ ಮೂರೇ ದಿನದಲ್ಲಿ ಜಾಮೀನು ಸಿಕ್ಕಿತು. ಜಾಮೀನು ಸಿಕ್ಕವನು ಎಲ್ಲಿಗೆ ಹೋಗುತ್ತಾನೆ? ಮನೆಗೆ. ಆ ಮನೆಯಲ್ಲಿ ಯಾರಿದ್ದಾರೆ ಎಂದು ತಾವು ಒಮ್ಮೆಯಾದರೂ ಯೋಚಿಸಿದ್ದೀರಾ? ಇಂದಿಗೆ ಹನ್ನೊಂದು ದಿನ, ಅವಳು ಶಾಲೆಗೆ ಬಂದಿಲ್ಲ ಎಂದು ಅವಳ ಟೀಚರು ಹೇಳಿದರು.

ನಿನ್ನೆ ಹೊಸ ವಿಡಿಯೊ ಬಂದಿದೆ. ರಿಪೇರಿಯ ಗುರುತಿಲ್ಲದ, ಇದುವರೆಗೆ ಹಾಕಿರದ ನಾಲ್ಕನೆಯ ಫ್ರಾಕು ತೊಟ್ಟು ಹುಡುಗಿ ನಿಂತಿದ್ದಾಳೆ. "ದರ್ಜಿ ಆಂಟಿ ಸುಳ್ಳು ಹೇಳಿದ್ರು, ನಮ್ಮಪ್ಪ ತುಂಬಾ ಒಳ್ಳೆಯವರು," ಎನ್ನುತ್ತಾಳೆ. ಅಳುವುದಿಲ್ಲ. ನಿಮ್ಮ ಗುಮಾಸ್ತರು ಅದನ್ನು ನನಗೇ ಕಳಿಸಿ, "ನೋಡಿದ್ರಾ ಅಮ್ಮ?" ಎಂದು ಕೇಳಿದ್ದಾರೆ. ನೋಡಿದೆ. ಅವರು ಮಾತು ಕೇಳಿಸಿಕೊಂಡರು, ನಾನು ಹೊಲಿಗೆ ನೋಡಿದೆ. ಆ ಫ್ರಾಕಿನ ಎಡ ಭುಜ ಬಲಕ್ಕಿಂತ ಒಂದೂವರೆ ಇಂಚು ಕೆಳಗಿದೆ, ತೋಳು ಜೋತುಬಿದ್ದಿದೆ. ನಾನು ಸೊಟ್ಟ ಹೊಲಿಯುವವಳಲ್ಲ. ತಿಂಗಳ ಹಿಂದೆ ಅಳತೆ ತೆಗೆದಾಗ ಎರಡೂ ಸಮವಿತ್ತು. ಪುಸ್ತಕದಲ್ಲಿ ತಾರೀಖಿನ ಜೊತೆ ಬರೆದಿದೆ. ಮಗುವಿನ ಭುಜದ ಮೂಳೆ ಮುರಿದಿದೆ ಅಥವಾ ಕೀಲು ತಪ್ಪಿದೆ, ಅದನ್ನು ಹಾಗೇ ಬಿಟ್ಟು ಬಟ್ಟೆ ತೊಡಿಸಿ ನಿಲ್ಲಿಸಿದ್ದಾರೆ. ಸಾಕ್ಷಿ ಕೇಳಿದಿರಲ್ಲ, ತೆಗೆದುಕೊಳ್ಳಿ. ಇದನ್ನು ನಾನು ಒಗೆದಿಲ್ಲ.

ನನ್ನ ಬೇಡಿಕೆ ದೊಡ್ಡದಲ್ಲ. ಈ ಪತ್ರ ಓದಿ ಮುಗಿಸಿದ ಕೂಡಲೇ ಎದ್ದು ಆ ಮನೆಗೆ ಹೋಗಿ. ಹೊರಡುವ ಮೊದಲು ಅವನಿಗೆ ಫೋನು ಮಾಡಬೇಡಿ. ಜೊತೆಯಲ್ಲಿ ವೈದ್ಯರೊಬ್ಬರು, ಪೊಲೀಸರು ಇರಲಿ. ಹುಡುಗಿಯನ್ನು ಅವಳಪ್ಪನಿಲ್ಲದ ಕೋಣೆಯಲ್ಲಿ ಮಾತಾಡಿಸಿ. ನಾಳೆ ಇನ್ನೊಬ್ಬರು, ಬೇಕರಿಯಾಕೆಯೋ ಟೀಚರೋ, ಅನುಮಾನ ಹೇಳಿಕೊಂಡು ಬಂದರೆ ಅವರ ಹೆಸರನ್ನು ತಮ್ಮ ಹೊಟ್ಟೆಯಲ್ಲೇ ಇಟ್ಟುಕೊಳ್ಳಿ. ಅವನು ಬೇಡವೆಂದಿದ್ದರೂ ಆ ನಾಲ್ಕೂ ಫ್ರಾಕಿನ ಅಂಚಿನಲ್ಲಿ ನಾನು ಎರಡಿಂಚು ಬಟ್ಟೆ ಬಿಟ್ಟೇ ಹೊಲಿದಿದ್ದೇನೆ. ಅದನ್ನು ಬಿಚ್ಚುವಷ್ಟು ಅವಳು ಬೆಳೆಯಬೇಕು.

ಇಂತಿ,
ಸದ್ಯಕ್ಕೆ ಎಂಟು ಬೆರಳಿನ ದರ್ಜಿ
(ಹೆಸರು, ವಿಳಾಸ ಬೇಕಿದ್ದರೆ ಹುಡುಗಿಯ ಅಪ್ಪನನ್ನು ಕೇಳಿ. ಅವನಿಗೆ ತಾವೇ ಕೊಟ್ಟಿದ್ದೀರಿ.)