ನವಿಲಿನ ಕಣ್ಣು

ತಬಸುಮ್,

ನೀ ಎದ್ದರ ಬೆನ್ನ ಹತ್ತತಿ ಅಂತ ಎಬ್ಬಿಸಲಿಲ್ಲ. ನಿಮ್ಮಣ್ಣನ ಜೋಡಿ ಮೊದಲನೇ ಬಸ್ಸಿಗೆ ಹುಬ್ಬಳ್ಳಿಗೆ ಹೊಂಟೀನಿ. ನನ್ನ ಕೆಮ್ಮಿನ ರಿಪೋರ್ಟ್ ಬಂದೈತಿ. ಏನೈತಿ ಅಂತ ಡಾಕ್ಟರ್ ಫೋನಿನ್ಯಾಗ ಹೇಳಲಿಲ್ಲ. “ಮನಿಯವರನ್ನ ಕರಕೊಂಡು, ನಾಕ ದಿನದ ಬಟ್ಟಿ ತಗೊಂಡು ಬರ್ರಿ” ಅಂದ್ರು. ಹೋದ ವರ್ಷ ನಿಮ್ಮ ಭಾಬಿ ನಸೀಮಾಗೂ ಇದ ಮಾತು ಹೇಳಿದ್ರು. ಅಕಿ ತಿರುಗಿ ಬರಲಿಲ್ಲ.

ರೊಟ್ಟಿ ಬುಟ್ಟ್ಯಾಗ ಅದಾವು. ಅಳಕೋತ ಉಪವಾಸ ಕೂಡಬ್ಯಾಡ. ಆಡಿಗೆ ನೀರಿಡು.

ಮಗಳು ಗಂಡನ ಮನಿಗೆ ಹೋಗಾಕಿ, ಜಮಖಾನಿ ನೇಯೂದು ಸೊಸಿಗಷ್ಟ ಕಲಿಸಬೇಕು ಅಂತ ನಮ್ಮತ್ತಿ ಹೇಳತಿದ್ರು. ನಾನೂ ಹಂಗ ಸೊಸಿ ನಸೀಮಾಗಷ್ಟ ಕಲಿಸಿದೆ. ಈಗ ಮಗ್ಗದ ಮುಂದ ನಸೀಮಾನ ಜಾಗಾ ಖಾಲಿ ಐತಿ. ನಾ ಸಂತಿಗೆ ಹೋದಾಗ ನೀ ಅಲ್ಲಿ ಕುಂತು, ಕದ್ದು ಮೂರು ಬೆರಳಷ್ಟು ನೇಯ್ದಿದ್ದು ನನಗ ಗೊತ್ತಾಗಿಲ್ಲ ಅಂತ ತಿಳದಿಯೇನು? ಜಮಖಾನ್ಯಾಗಿನ ನವಿಲಿನ ಕುತ್ತಿಗಿ ಸೊಟ್ಟಾಗೈತಿ, ಹುಚ್ಚಿ. ನಾ ಬಿಚ್ಚಿಲ್ಲ.

ಇನ್ನ ಮ್ಯಾಲೆ ಕದ್ದು ಕೂಡಬ್ಯಾಡ. ಏನ ಸುದ್ದಿ ಬಂದರೂ ದಿನಾ ನಾಕ ಬೆರಳಷ್ಟು ನೇಯಿ. ನಸೀಮಾ ಹೋದಾಗ ನನ್ನ ಹಿಡದು ನಿಲ್ಲಿಸಿದ್ದು ಅದ ಮಗ್ಗ. ಆದರ ಮೂಗು ಬಾಯಿಗೆ ಓಢಣಿ ಕಟಗೊ. ಆ ನೂಲಿನ ಧೂಳು ನಾನೂ ನಸೀಮಾನೂ ಜೋಡಿ ಕುಂತು ಹತ್ತು ವರ್ಷ ನುಂಗೀವಿ.

ನವಿಲಿನ ಕಣ್ಣು ಬರೂ ಹೊತ್ತಿಗೆ ಕೈ ನಿಲ್ಲಿಸು. ಅದನ್ನ ನಾ ಬಂದು ನೇಯ್ತೀನಿ.

ಕರಿ ನೂಲು ಕಿಡಕ್ಯಾಗ ಇಟ್ಟೀನಿ. ಐತವಾರದ ತನಕ ನಾ ಬರಲಿಲ್ಲಂದ್ರ, ಕಣ್ಣು ನೀನ ಹಾಕು.

ಅಮ್ಮಾ